ಹಾಡು ಊರಿಂದು, ದನಿ ಆಕೀದು

ಹೋದ ಶ್ರಾವಣದಲ್ಲಿ ಹನ್ನೂರಿಗೆ ಹೋದಾಗ ಕಾಕಾ ತಮ್ಮ ಫೋನು ನನ್ನ ಕೈಗೆ ಕೊಟ್ಟು, ‘ಇದನ್ನ ಓದು’ ಅಂದರು. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರ. ಮೇಲೆ ಜಟೆ ಬಿಟ್ಟ ಶಿವಯೋಗಿಯೊಬ್ಬರ ಮಿರಮಿರ ಮಿಂಚುವ ಮುಖ, ಕೆಳಗೆ ಆರು ಸಾಲು, ಕೊನೆಗೆ ಅಂಕಿತ: ಕಪಿಲಸಿದ್ಧ ಮಲ್ಲಿಕಾರ್ಜುನ. ಸೊನ್ನಲಿಗೆಯ ಸಿದ್ಧರಾಮನ ವಚನವೆಂದು ಯಾರೋ ಕಳಿಸಿದ್ದರು. ಓದಿ, ‘ಚಲೋ ಅದ’ ಅಂದೆ. ಕಾಕಾ ನಕ್ಕರು.

‘ಸಿದ್ಧರಾಮ ‘ಸಕಾರಾತ್ಮಕ’ ಅಂತಾನೇನೋ ತಮ್ಮಾ? ಅವನ ಕಾಲಕ್ಕ ಆ ಶಬ್ದ ಎಲ್ಲಿತ್ತು? ಇದು ಮಷೀನ್ ಬರದಿದ್ದು.’

ವರ್ಷಾನುಗಟ್ಟಲೆ ಭಜನಿ ಮೇಳದಲ್ಲಿ ಕೂತು ಪಳಗಿದ ಕಿವಿ ಅದು. ಓದು ಬಲ್ಲವನೆಂದುಕೊಂಡ ನಾನು ಮೋಸಹೋದ ಕಡೆ ಅದು ಒಂದೇ ಶಬ್ದಕ್ಕೆ ಕಳ್ಳನನ್ನು ಹಿಡಿದಿತ್ತು.

ಹನ್ನೂರ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಊರು. ಇಲ್ಲಿ ದಫ್ತರ ಮರಾಠಿ, ಮನೆ ಕನ್ನಡ. ಎಸ್‌ಟಿ ಬಸ್ಸಿನ ಬೋರ್ಡು ಮರಾಠಿ, ಸೀಟಿಗಾಗಿ ನಡೆಯುವ ಜಗಳ ಕನ್ನಡ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ನಮ್ಮ ಈ ಸೀಮೆಯಲ್ಲಿ ಕನ್ನಡ ಅಚ್ಚಿನಲ್ಲಿ ಬದುಕಿದ್ದಕ್ಕಿಂತ ಬಾಯಲ್ಲಿ ಬದುಕಿದ್ದೇ ಹೆಚ್ಚು: ಭಜನಿ, ಡೊಳ್ಳಿನ ಪದ, ಸೋಬಾನ, ಬೀಸುಕಲ್ಲಿನ ಪದ. ಕಾಕಾನ ಹತ್ತಿರ ಒಂದು ವಹಿ ಇದೆ. ಮೂಲೆ ಸುರುಳಿ ಸುತ್ತಿದ, ರಟ್ಟಿಗೆ ಬಟ್ಟೆ ಅಂಟಿಸಿದ ಉದ್ದನೆಯ ವಹಿ. ಪುಟಪುಟಕ್ಕೂ ಒಂದು ಪದ, ಎಡಗಡೆ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಹೆಸರು. ಪದ ಕಟ್ಟಿದವರ ಹೆಸರಲ್ಲ ಅದು. ಕಟ್ಟಿದವರು ಯಾರೋ ಕಾಕಾನಿಗೂ ಗೊತ್ತಿಲ್ಲ. ತಾನು ಯಾರ ಬಾಯಿಂದ ಕಲಿತೆ ಎಂಬುದನ್ನು ಬರೆದುಕೊಂಡಿದ್ದಾರೆ.

ಕೃತಕ ಬುದ್ಧಿಮತ್ತೆಯ (ಎಐ) ಕಾಲದಲ್ಲಿ ಸೃಷ್ಟಿಕರ್ತರ ಹಕ್ಕು ಏನಾಗುತ್ತದೆ ಎಂಬ ವಾದ ಈಗ ದೆಹಲಿಯಿಂದ ಕ್ಯಾಲಿಫೋರ್ನಿಯಾದವರೆಗೆ ಕೋರ್ಟುಗಳಲ್ಲಿ ನಡೆದಿದೆ. ಅಲ್ಲಿ ಕಕ್ಷಿದಾರರು ಪತ್ರಿಕಾ ಸಂಸ್ಥೆಗಳು, ಹೆಸರಾಂತ ಕಾದಂಬರಿಕಾರರು, ಚಿತ್ರರಂಗದ ಗಾಯಕರು. ಕಾಕಾನ ವಹಿಯ ಅಂಚಿನಲ್ಲಿರುವ ಹೆಸರುಗಳಿಗೆ ಆ ವಾದದಲ್ಲಿ ಜಾಗ ಇದೆಯೇ ಎಂದು ಹುಡುಕಹೊರಟರೆ, ಕಾಯ್ದೆಯೊಳಗೆ ಅವರಿಗೊಂದು ಮೂಲೆ ಇದ್ದೇ ಇದೆ. ಅದನ್ನು ಅವರಿಗೆ ಹೇಳಿದವರಿಲ್ಲ, ಅಷ್ಟೆ.

ಅಂಕಿತ ಕಿತ್ತರೆ, ಅಂಕಿತ ಹಚ್ಚಿದರೆ

ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ಹೆಸರು ಹಾಕಲಿಲ್ಲ, ತಮ್ಮ ದೈವದ ಹೆಸರು ಹಾಕಿದರು. ಆದರೂ ವಚನ ಯಾರದೆಂದು ಗೊತ್ತಾಗಲು ಎಂಟುನೂರು ವರ್ಷ ಅದೇ ಸಾಕಾಯಿತು. ಹಕ್ಕುಸ್ವಾಮ್ಯದ ಕಾಯ್ದೆಯ ಲೆಕ್ಕದಲ್ಲಿ ಆ ವಚನಗಳು ಬಯಲ ಆಸ್ತಿ. ಯಾರು ಬೇಕಾದರೂ ಅಚ್ಚು ಹಾಕಬಹುದು, ಹಾಡಬಹುದು, ಯಂತ್ರಕ್ಕೆ ಉಣಿಸಲೂಬಹುದು.

ಬಯಲ ಆಸ್ತಿ ಎಂದಮಾತ್ರಕ್ಕೆ ಏನು ಮಾಡಿದರೂ ನಡೆಯುತ್ತದೆಯೇ? ಕನ್ನಡಿಗರು ಈ ಪ್ರಶ್ನೆಯನ್ನು ಎಐ ಬರುವ ಮೊದಲೇ ಎದುರಿಸಿದ್ದಾರೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಜಾಗದಲ್ಲಿ ಲಿಂಗದೇವ ಎಂದು ಅಚ್ಚು ಹಾಕಿಸಿದರು. ಕರ್ನಾಟಕ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಸುಪ್ರೀಂ ಕೋರ್ಟ್ 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಚರ್ಚೆಯಾದದ್ದು ಭಕ್ತರ ಭಾವನೆಗೆ ಧಕ್ಕೆ ತರುವ ಬರಹದ ಮುಟ್ಟುಗೋಲು, ಹಕ್ಕುಸ್ವಾಮ್ಯವಲ್ಲ. ಆದರೆ ಜನರ ಮನಸ್ಸಿನಲ್ಲಿದ್ದ ತಕರಾರು ಸರಳ: ಮಾತು ಯಾರದೋ ಅವರ ಗುರುತು ಕೀಳಬೇಡಿ.

ಈಗಿನ ಯಂತ್ರ ಮಾಡುತ್ತಿರುವುದು ಅದರ ತಿರುವು ಮುರುವು. ಅದು ಅಂಕಿತ ಕೀಳುವುದಿಲ್ಲ, ಸಿದ್ಧರಾಮ ಆಡದ ಮಾತಿಗೆ ಸಿದ್ಧರಾಮನ ಅಂಕಿತ ಹಚ್ಚುತ್ತದೆ. ಕೇಳಿದವರಿಗೆ ಕ್ಷಣದಲ್ಲಿ ಹತ್ತು ಕೊಡುತ್ತದೆ. ಸಿದ್ಧರಾಮನ ಹೆಸರಿನಲ್ಲಿ ಉಳಿದುಬಂದ ವಚನಗಳು ಸಾವಿರಕ್ಕೂ ಹೆಚ್ಚು. ಅವುಗಳ ನಡುವೆ ಲಕ್ಷ ನಕಲಿ ಸುರಿದರೆ ಮುಂದಿನ ತಲೆಮಾರಿನ ಹುಡುಗ ಆರಿಸಿಕೊಳ್ಳುವುದು ಹೇಗೆ? ಕಾಕಾನಂಥ ಕಿವಿ ಆಗಲೂ ಇರಬೇಕಲ್ಲ.

ಯಂತ್ರ ಇದನ್ನು ಕಲಿಯುವ ಬಗೆಯನ್ನೂ ಸ್ವಲ್ಪ ನೋಡಬೇಕು. ಅಂತರ್ಜಾಲದಲ್ಲಿ ಸಿಕ್ಕ ಪುಸ್ತಕ, ಪತ್ರಿಕೆ, ಹರಟೆ ಎಲ್ಲವನ್ನೂ ಚೂರುಚೂರು ಮಾಡಿ, ಯಾವ ಚೂರಿನ ಬೆನ್ನಿಗೆ ಯಾವುದು ಬರುತ್ತದೆಂಬ ಸಂಭವವನ್ನು ಅದು ಕೋಟಿಗಟ್ಟಲೆ ಅಂಕಿಗಳಲ್ಲಿ ಹಿಡಿದಿಡುತ್ತದೆ. ಪುಸ್ತಕ ಪುಸ್ತಕವಾಗಿ ಒಳಗೆ ಉಳಿಯುವುದಿಲ್ಲ ಎಂಬುದು ಕಂಪನಿಗಳ ವಾದ. ಆದರೆ ಮತ್ತೆ ಮತ್ತೆ ಓದಿದ್ದು ಬಾಯಿಪಾಠವಾಗುವುದು ಮನುಷ್ಯನಿಗೂ ಯಂತ್ರಕ್ಕೂ ಒಂದೇ. ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2025ರ ನವೆಂಬರಿನಲ್ಲಿ ಹಾಡುಗಳ ಸಾಹಿತ್ಯದ ಮೊಕದ್ದಮೆಯೊಂದರಲ್ಲಿ, ಹೀಗೆ ಬಾಯಿಪಾಠವಾಗಿ ಉಳಿದದ್ದೂ ನಕಲೇ ಎಂದು ಎಐ ಕಂಪನಿ ಓಪನ್ಎಐ ವಿರುದ್ಧ ತೀರ್ಪು ಕೊಟ್ಟಿತು.

ಎಲ್ಲಿ ಬಯಲು, ಎಲ್ಲಿ ಬೇಲಿ

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಇದು ಕೇಂದ್ರದ ಕಾಯ್ದೆ, ಹಾಗಾಗಿ ಗಡಿಯ ಈಚೆಗೂ ಆಚೆಗೂ ಒಂದೇ. ಬರೆದವರು ಬದುಕಿರುವಷ್ಟು ಕಾಲ, ತೀರಿಹೋದ ವರ್ಷದ ಕೊನೆಯಿಂದ ಮತ್ತೆ 60 ವರ್ಷ ಹಕ್ಕು ಅವರದು ಮತ್ತು ಅವರ ವಾರಸುದಾರರದು. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರಲ್ಲಿ 60ಕ್ಕೆ ಏರಿಸಲಾಯಿತು.

ಈ ಲೆಕ್ಕವನ್ನು ನಮ್ಮವರ ಮೇಲೆ ಇಟ್ಟು ನೋಡೋಣ. ಊರೂರು ಅಲೆದು ತಾಡೋಲೆ ಕೂಡಿಸಿದ ವಿಜಯಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಅವರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರ ಜನವರಿ 1ರಿಂದ ಅವರ ಬರಹ ಎಲ್ಲರದು. ಸೊಲ್ಲಾಪುರದಲ್ಲಿ ಹುಟ್ಟಿ, ‘ಶ್ರೀ ಸಿದ್ಧರಾಮೇಶ್ವರ ಪುರಾಣ’ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರು ತೀರಿಕೊಂಡದ್ದು 1986ರಲ್ಲಿ. ಅವರ ಕೃತಿಗಳಿಗೆ 2046ರ ಕೊನೆಯವರೆಗೆ ಬೇಲಿ ಇದೆ. ಸಿದ್ಧರಾಮ ಬಯಲಲ್ಲಿದ್ದಾನೆ, ಸಿದ್ಧರಾಮನ ಪುರಾಣ ಬೇಲಿಯೊಳಗಿದೆ. ಯಂತ್ರಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ, ಅದಕ್ಕೆ ಎರಡೂ ಮೇವೇ.

ಬೇಲಿ ಎಷ್ಟು ಗಟ್ಟಿ ಎಂಬುದಕ್ಕೂ ಕನ್ನಡದ್ದೇ ಸಾಕ್ಷಿ ಇದೆ. ಶಿವರಾಮ ಕಾರಂತರು ತಮ್ಮ ಉಯಿಲಿನಲ್ಲಿ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಬಿಟ್ಟಿದ್ದರು. ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಾಲಿನಿಯವರ ಅಪ್ಪಣೆಯಿಲ್ಲದೆ ಆಡಿಸಿದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ಹಕ್ಕು ಮಾಲಿನಿಯವರದೇ ಎಂದಾಯಿತು. ಯಕ್ಷಗಾನ ಊರಿನದೇ. ಆದರೆ ಅದಕ್ಕೆ ಕಾರಂತರು ಕೊಟ್ಟ ಹೊಸ ರೂಪ ಕಾರಂತರದು.

ಬೇಲಿಯನ್ನು ತಾವಾಗಿಯೇ ತೆಗೆದವರೂ ಇದ್ದಾರೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು, ಲೇಖಕ ನಿರಂಜನರ ಮಗಳು ತೇಜಸ್ವಿನಿ ನಿರಂಜನ ತಂದೆಯ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ದುಡ್ಡು ಕೇಳಲಿಲ್ಲ. ಬರೆದವರ ಹೆಸರು ಹೇಳಿ ಎಂಬ ಷರತ್ತು ಉಳಿಸಿಕೊಂಡರು. ಅರೆದು ಕಲಸಿದ ಮೇಲೆ ಯಂತ್ರ ಯಾರ ಹೆಸರನ್ನೂ ಹೇಳುವುದಿಲ್ಲ. ಪುಕ್ಕಟೆ ಕೊಟ್ಟವರಿಗೂ ಇದು ನೋವಿನ ಸಂಗತಿಯೇ.

ಹೆಸರು ಉಳಿಯದ ಹೆಂಗಸರು

ಹಲಸಂಗಿ ನಮಗೆ ದೂರದ ಊರಲ್ಲ, ಗಡಿ ದಾಟಿದರೆ ವಿಜಯಪುರ ಜಿಲ್ಲೆಯಲ್ಲಿ ಸಿಗುತ್ತದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಅಲ್ಲಿ ಬೀಸುವ, ಕುಟ್ಟುವ, ತೂಗುವ ಹೆಂಗಸರ ತ್ರಿಪದಿಗಳನ್ನು ಬರೆದುಕೊಂಡು ‘ಗರತಿಯ ಹಾಡು’, ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಗ್ರಹಗಳನ್ನು 1930ರ ದಶಕದಲ್ಲಿ ಪ್ರಕಟಿಸಿದರು. ಆ ಪುಸ್ತಕಗಳಿಲ್ಲದೆ ಕನ್ನಡ ಕಾವ್ಯದ ಚರಿತ್ರೆ ಬರೆಯಲಾಗದು. ಸಂಗ್ರಹಿಸಿದವರ ಹೆಸರು ನಮಗೆ ಬಾಯಿಪಾಠ. ಹಾಡಿದವರನ್ನು ನಾವು ಗರತಿ ಎಂದಷ್ಟೇ ಬಲ್ಲೆವು. ಸಂಗ್ರಹಕಾರರನ್ನು ದೂರಿ ಉಪಯೋಗವಿಲ್ಲ, ಹೆಂಗಸಿನ ಹೆಸರು ಹೊರಗೆ ಹೇಳದ ಕಾಲವದು.

ಇಂಥ ಪದಗಳ ಮೇಲೆ ಹಕ್ಕುಸ್ವಾಮ್ಯ ಯಾರಿಗೂ ಇಲ್ಲ, ಕರ್ತೃ ಯಾರೆಂದು ತಿಳಿಯದಷ್ಟು ಹಳೆಯವು. ಬಹಳ ಜನ ಇಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ಆದರೆ ಕಾಯ್ದೆಯಲ್ಲಿ ಇನ್ನೊಂದು ಕೋಣೆ ಇದೆ, 1994ರ ತಿದ್ದುಪಡಿಯಲ್ಲಿ ಕಟ್ಟಿದ್ದು. ಅದರ ಹೆಸರು ಪ್ರದರ್ಶಕರ ಹಕ್ಕು. ಪ್ರದರ್ಶಕರೆಂದರೆ ಯಾರು ಎಂದು ಹೇಳುವಾಗ ಕಾಯ್ದೆ ನಟ, ಗಾಯಕ, ವಾದಕ, ನರ್ತಕರ ಸಾಲಿನಲ್ಲೇ ದೊಂಬರಾಟದವರನ್ನೂ, ಜಾದೂಗಾರರನ್ನೂ, ಹಾವಾಡಿಗರನ್ನೂ, ಭಾಷಣ ಮಾಡುವವರನ್ನೂ ಸೇರಿಸುತ್ತದೆ. ಹಾವಾಡಿಗನನ್ನು ಮರೆಯದ ಕಾಯ್ದೆ ಬೀಸುಕಲ್ಲಿನ ಮುಂದೆ ಕೂತ ಅಜ್ಜಿಯನ್ನು ಹೊರಗಿಡಲಾರದು.

ಆಕೆ ಹಾಡುವ ಪದ ಆಕೆಯದಲ್ಲ. ಆದರೆ ಇವತ್ತು, ಈ ಅಂಗಳದಲ್ಲಿ, ಈ ದನಿಯಲ್ಲಿ ಹಾಡಿದ್ದು ಆಕೆಯದು. ಅದನ್ನು ರೆಕಾರ್ಡ್ ಮಾಡಲು, ಆ ರೆಕಾರ್ಡಿನ ಪ್ರತಿ ತೆಗೆಯಲು, ಜನಕ್ಕೆ ಹಂಚಲು ಆಕೆಯ ಒಪ್ಪಿಗೆ ಬೇಕು. ಈ ಹಕ್ಕು 50 ವರ್ಷದ್ದು. 2012ರ ತಿದ್ದುಪಡಿ ಇದಕ್ಕೆ ನೈತಿಕ ಹಕ್ಕನ್ನೂ ಕೂಡಿಸಿತು: ಹಾಡಿದವರು ಇಂಥವರೆಂದು ಹೇಳಬೇಕು, ಅವರ ಹೆಸರಿಗೆ ಕುಂದು ಬರುವಂತೆ ಹಾಡನ್ನು ತಿರುಚಬಾರದು. ಹಾಡು ಊರಿಂದು, ದನಿ ಆಕೀದು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಪ್ರದರ್ಶಕರ ಹಕ್ಕು ಎಂದರೆ ಇಷ್ಟೇ.

ಮೊದಲಾದರೆ ಇದು ಪುಸ್ತಕದ ಬದನೆಕಾಯಿ. ಈಗ ಹಾಗಲ್ಲ. ಮಾತನಾಡುವ ಯಂತ್ರ ಕಟ್ಟುವವರಿಗೆ ಬೆಂಗಳೂರಿನ ವಾರ್ತಾವಾಚಕರ ಕನ್ನಡ ಬೇಕಾದಷ್ಟು ಸಿಗುತ್ತದೆ. ಸಿಗದಿರುವುದು ನಮ್ಮ ಅಕ್ಕಲಕೋಟ ಸೀಮೆಯ, ಮರಾಠಿ ಬೆರೆತ ಕನ್ನಡ. ಯಾರೂ ಕೇಳದ ಆಡುಮಾತಿಗೆ ಮೊದಲ ಸಲ ಬೆಲೆ ಬಂದಿದೆ. ಬೆಲೆ ಬಂದ ವಸ್ತುವಿಗೆ ಕಳ್ಳರೂ ಬರುತ್ತಾರೆ.

ಮೂರು ಸೆಕೆಂಡಿನ ದನಿ

ಮೂರು ಸೆಕೆಂಡಿನ ತುಣುಕು ಕೊಟ್ಟರೆ ಆ ದನಿಯನ್ನು ಅನುಕರಿಸಬಲ್ಲ ಯಂತ್ರವನ್ನು ಮೈಕ್ರೋಸಾಫ್ಟ್ 2023ರಲ್ಲೇ ತೋರಿಸಿತು. ಮರುವರ್ಷ ಅದರ ಬಿಸಿ ನಮ್ಮ ಚಿತ್ರರಂಗಕ್ಕೆ ತಟ್ಟಿತು. ಕನ್ನಡಿಗರ ಮನೆಮನೆಯ ದನಿಯಾದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ತೆಲುಗು ಚಿತ್ರವೊಂದರಲ್ಲಿ ಎಐ ಮೂಲಕ ಮರುಸೃಷ್ಟಿಸಿದ್ದಕ್ಕೆ, ತಮ್ಮನ್ನು ಕೇಳಲಿಲ್ಲವೆಂದು ಮಗ ಚರಣ್ ನೋಟಿಸ್ ಕೊಟ್ಟರು. ಅದೇ ಕಾಲಕ್ಕೆ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕಾಗಿ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು, ಆದರೆ ಮನೆಯವರನ್ನು ಕೇಳಿ, ಸಂಭಾವನೆ ಕೊಟ್ಟು. ತಂತ್ರ ಎರಡೂ ಕಡೆ ಒಂದೇ. ಒಂದು ಕಡೆ ಕೇಳಿದರು, ಇನ್ನೊಂದು ಕಡೆ ಕೇಳಲಿಲ್ಲ.

2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಅಪ್ಪಣೆಯಿಲ್ಲದೆ ಎಐ ಉಪಕರಣಗಳಲ್ಲಿ ಬಳಸದಂತೆ ತಡೆಯಿತು. 2025ರಲ್ಲಿ ಆಶಾ ಭೋಸಲೆಯವರಿಗೂ ಅಂಥದೇ ರಕ್ಷಣೆ ಸಿಕ್ಕಿತು. ಇವು ವ್ಯಕ್ತಿತ್ವದ ಹಕ್ಕಿನ ಆದೇಶಗಳು, ಹೆಸರುವಾಸಿಯಾದವರು ತಂದವು. ಹನ್ನೂರಿನ ಭಜನಿಯವರ ದನಿಗೂ ಅದೇ ಮಾತು ಅನ್ವಯಿಸಬೇಕೆಂದು ಯಾರೂ ಕೇಳಿಲ್ಲ, ಕೇಳಬೇಕು. ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಪೀಠ 2025ರ ಆಗಸ್ಟಿನಿಂದ ಕೆಲಸ ಶುರುಮಾಡಿದೆ, ಸೊಲ್ಲಾಪುರ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿದೆ. ಇನ್ನೂ ಒಂದು ಅನುಕೂಲ ಹಕ್ಕುಸ್ವಾಮ್ಯ ಕಾಯ್ದೆಯ 62ನೇ ಕಲಮಿನಲ್ಲಿದೆ. ನಕಲು ಮಾಡಿದವರು ಎಲ್ಲೇ ಇರಲಿ, ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಅಂದರೆ ಸೊಲ್ಲಾಪುರದಲ್ಲೇ.

ದುಡ್ಡು ಯಾರ ಮನೆಗೆ?

ಹಕ್ಕುದಾರರನ್ನು ಕೇಳದೆ ಅವರ ಕೃತಿಗಳಿಂದ ಯಂತ್ರಕ್ಕೆ ಕಲಿಸಿದ್ದು ತಪ್ಪೇ ಎಂಬ ಮೂಲಪ್ರಶ್ನೆಗೆ ನಮ್ಮ ದೇಶದಲ್ಲಿ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಓಪನ್ಎಐ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆ ಮೊದಲ ದೊಡ್ಡ ಪರೀಕ್ಷೆ. ಜಪಾನ್ 2018ರಲ್ಲೇ ಕಾಯ್ದೆ ತಿದ್ದಿ ಯಂತ್ರಕ್ಕೆ ಬಾಗಿಲು ತೆರೆಯಿತು. ಐರೋಪ್ಯ ಒಕ್ಕೂಟ 2019ರಲ್ಲಿ, ಬೇಡವೆಂದು ಹಕ್ಕುದಾರರು ಹೇಳಿದರೆ ಬಿಡಬೇಕು ಎಂಬ ಷರತ್ತಿಟ್ಟಿತು. ನಮ್ಮ ಕಾಯ್ದೆಯಲ್ಲಿ ಅಂಥ ಮಾತೇ ಇಲ್ಲ. ನ್ಯಾಯಯುತ ಬಳಕೆಯ ವಿನಾಯಿತಿ ಇರುವುದು ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿಗೆ ಮಾತ್ರ.

ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರಿನಲ್ಲಿ ಒಂದು ದಾರಿ ಸೂಚಿಸಿತು: ಕಂಪನಿಗಳು ಎಲ್ಲ ಕೃತಿಗಳಿಂದಲೂ ಕಲಿಸಲಿ, ಹಕ್ಕುದಾರರು ಬೇಡ ಎನ್ನುವಂತಿಲ್ಲ, ಬದಲಿಗೆ ಕಂಪನಿಗಳು ಆದಾಯದಲ್ಲಿ ಒಂದು ಪಾಲು ಕೊಡಲಿ, ಒಂದೇ ಸಂಸ್ಥೆ ಅದನ್ನು ಕೂಡಿಸಿ ಹಂಚಲಿ. ದೂರದಿಂದ ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪಾಲು ಸಿಗಬೇಕಾದರೆ ಕೃತಿ ನೋಂದಣಿಯಾಗಿರಬೇಕು. ಕಾಕಾನ ವಹಿಯನ್ನು ಯಾವ ಕಚೇರಿಯಲ್ಲಿ ನೋಂದಾಯಿಸುವುದು?

ನೋಂದಣಿಯ ಮಹಿಮೆ ಅಮೆರಿಕದಲ್ಲಿ ಕಂಡಿದ್ದೇವೆ. ಕದ್ದ ಪುಸ್ತಕಗಳ ಜಾಲತಾಣಗಳಿಂದ ಪ್ರತಿ ಇಳಿಸಿಕೊಂಡದ್ದಕ್ಕೆ ಆಂಥ್ರೊಪಿಕ್ ಎಂಬ ಎಐ ಕಂಪನಿ 2025ರಲ್ಲಿ ಲೇಖಕರೊಂದಿಗೆ 150 ಕೋಟಿ ಡಾಲರಿಗೆ ರಾಜಿಯಾಯಿತು. ಸುಮಾರು 5 ಲಕ್ಷ ಪುಸ್ತಕ, ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಣಿಯಾಗಿದ್ದ ಪುಸ್ತಕಗಳಿಗೆ ಮಾತ್ರ ಅದು ಅನ್ವಯ. ಅಲ್ಲಿ ನೋಂದಾಯಿಸದ ಕನ್ನಡ ಲೇಖಕರಿಗೆ ಆ ಪಂಕ್ತಿಯಲ್ಲಿ ಎಲೆಯೇ ಇಲ್ಲ.

ಬೇರೆ ರೀತಿಯ ವ್ಯವಹಾರವೂ ಸಾಧ್ಯ. ಬೆಂಗಳೂರಿನ ಕಾರ್ಯಾ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರಿಂದ ಫೋನಿನಲ್ಲಿ ಕನ್ನಡ ಓದಿಸಿ ಧ್ವನಿಮುದ್ರಣ ಮಾಡಿಸಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿ ಕೊಟ್ಟಿತು. ಅದೇ ದನಿಗಳನ್ನು ಮುಂದೆ ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೆ ಮತ್ತೆ ಪಾಲು ಎಂಬ ನಿಯಮ ಇಟ್ಟುಕೊಂಡಿತು. ಕೇಳಿದರು, ಲೆಕ್ಕ ಬರೆದರು, ಪಾಲು ಇಟ್ಟರು. ಹೊಲ ಪಾಲಿಗೆ ಹಾಕುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಾದರದ ಪಾಠ

ಸೊಲ್ಲಾಪುರಕ್ಕೆ ನಕಲು ಹೊಸದಲ್ಲ. ಇಲ್ಲಿನ ಚಾದರದ ಹೆಸರು ದೇಶಕ್ಕೆಲ್ಲ ಗೊತ್ತಾದ ಮೇಲೆ ಬೇರೆ ಊರುಗಳ ಅಗ್ಗದ ಮಾಲು ಸೊಲ್ಲಾಪುರಿ ಎಂಬ ಚೀಟಿ ಹಚ್ಚಿಕೊಂಡು ಸಂತೆಗೆ ಬಂತು. ಆ ಚಿತ್ತಾರವನ್ನು ಮೊದಲು ನೇಯ್ದವರು ಒಬ್ಬರಲ್ಲ, ಹಾಗಾಗಿ ಒಬ್ಬರ ಹೆಸರಿನಲ್ಲಿ ಹಕ್ಕು ಕೇಳುವಂತಿರಲಿಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ ಅದಕ್ಕೊಂದು ದಾರಿ ತೆರೆಯಿತು. ಸೊಲ್ಲಾಪುರಿ ಚಾದರ ಆ ಪಟ್ಟಿಗೆ ಬೇಗನೆ ಸೇರಿತು. ಹಕ್ಕು ಒಬ್ಬ ಮಾಲಕನಿಗಲ್ಲ, ಊರಿಗೆ ಎಂಬ ವಿಚಾರ ಕಾಯ್ದೆಯಲ್ಲಿ ನಿಂತಿತು.

ನಕಲು ಅದರಿಂದ ನಿಂತುಹೋಗಲಿಲ್ಲ. ಆದರೆ ಇದು ನಮ್ಮದಲ್ಲ ಎಂದು ಹೇಳಲು ಊರಿನ ಕೈಗೊಂದು ಕಾಗದ ಬಂತು. ಪದಗಳಿಗೆ, ಆಡುಮಾತಿಗೆ ಅಂಥ ಕಾಗದ ಇನ್ನೂ ಇಲ್ಲ. ನೂಲಿನ ಚಿತ್ತಾರಕ್ಕೆ ಊರಿನ ಹಕ್ಕು ಒಪ್ಪಿದ ದೇಶ ನುಡಿಯ ಚಿತ್ತಾರಕ್ಕೂ ಒಪ್ಪಬೇಕೆಂದು ಕೇಳುವುದು ಅತಿಯಾಸೆ ಏನಲ್ಲ.

ಅಲ್ಲಿಯವರೆಗೆ ಇರುವ ಕಾಯ್ದೆಯನ್ನೇ ದುಡಿಸಿಕೊಳ್ಳಬೇಕು. ಸ್ವಂತ ಕವನ ಬರೆಯುವವರು ತಿಳಿದಿರಲಿ: ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಸಾಹಿತ್ಯ ಕೃತಿಗೆ 500 ರೂಪಾಯಿ ತುಂಬಿ ನೋಂದಾಯಿಸಿದರೆ ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷಿ. ಪ್ರಕಾಶಕರಿಗೆ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ತಿಳಿಯುತ್ತದೆ. ಕರಾರಿನ ದಿನ ಇಲ್ಲದಿದ್ದ ಬಳಕೆಯ ಬಗೆಗೆ, ಅದನ್ನು ಹೆಸರಿಸಿ ಬರೆಯದಿದ್ದರೆ, ಕರಾರು ಅನ್ವಯಿಸುವುದಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಹತ್ತು ವರ್ಷದ ಹಿಂದೆ ಪುಸ್ತಕದ ಹಕ್ಕು ಕೊಟ್ಟವರು ಯಂತ್ರಕ್ಕೆ ಕಲಿಸುವ ಹಕ್ಕು ಕೊಟ್ಟಿಲ್ಲ ಎಂದು ವಾದಿಸಲು ಇಷ್ಟು ಸಾಕು. ಹೊಸ ಕರಾರಿಗೆ ಸಹಿ ಹಾಕುವವರು ‘ಇಂದಿರುವ, ಮುಂದೆ ಬರಲಿರುವ ಎಲ್ಲ ಮಾಧ್ಯಮ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡುವುದು ಮೇಲು.

ಹನ್ನೂರಿನಲ್ಲಿ ಆ ಸಂಜೆ ಕಾಕಾನ ಮೊಮ್ಮಗಳು ವಹಿಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದಳು. ಹಾಳೆ ಪುಡಿಯಾಗುವ ಮೊದಲು ಉಳಿಸಬೇಕೆಂದು ಅವಳ ಆಸೆ. ಫೋನು ಬಲು ಜಾಣ. ಹಾಳೆಯ ಮೇಲೆ ಅಕ್ಷರ ದಟ್ಟವಾಗಿರುವ ಭಾಗವನ್ನು ತಾನೇ ಗುರುತಿಸಿ, ಸುತ್ತಲಿನದನ್ನು ಕತ್ತರಿಸಿ, ಬೆಳ್ಳಗೆ ಮಾಡಿ ಕೊಡುತ್ತಿತ್ತು. ಇಪ್ಪತ್ತು ಪುಟ ಆದಮೇಲೆ ಕಾಕಾ ಕನ್ನಡಕ ಏರಿಸಿ ನೋಡಿದರು. ಪದಗಳೆಲ್ಲ ಇದ್ದವು, ಎಡಗಡೆಯ ಕೆಂಪು ಹೆಸರು ಒಂದೂ ಇರಲಿಲ್ಲ.

‘ಅಂಚು ಎಲ್ಲಿ ಹೋತವ್ವಾ?’

‘ಅದ ಕಟ್ ಮಾಡ್ತೈತಿ ಅಜ್ಜಾ, ತಾನ.’

‘ಹಂಗಾರ ಮತ್ತೊಮ್ಮೆ ತಗಿ. ಮೊದಲಿನ ಪುಟದಿಂದ.’

ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಫೋನಿನ ಜಾಣತನವನ್ನು ಬಂದ್ ಮಾಡಿ, ಬೆರಳಿನಿಂದ ಚೌಕಟ್ಟನ್ನು ಎಡಕ್ಕೆ ಎಳೆದು ಎಳೆದು, ಒಂದೊಂದೇ ಪುಟ ತೆಗೆಯತೊಡಗಿದಳು. ಕಾಕಾ ಪಕ್ಕದಲ್ಲಿ ಕೂತು ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.